ಸ್ಪಿರುಲಿನಾ ಸ್ಮೂದಿ: ತಿಂಡಿಗೆ ಸರಿ, ಮದ್ದಿಗಲ್ಲ

ಕಳೆದ ವರ್ಷ ಮನೆಯಾಕೆಗೆ ತೋಟದಿಂದ ಹುಲ್ಲಿನ ಹೊರೆ ಹೊತ್ತು ಮೇಲೆ ಬಂದರೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 9.1. ಹೆಂಗಸರಿಗೆ 12 ಆದರೂ ಇರಬೇಕು ಎಂದ ಡಾಕ್ಟ್ರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ನುಂಗಿದರೆ ಹೊಟ್ಟೆ ತೊಳಸುತ್ತದೆ ಅಂತ ಆಕೆಯ ದೂರು.

ಅದೇ ಸಮಯಕ್ಕೆ ಒಂದು ಮೇಳದಲ್ಲಿ ಹಸಿರು ಪುಡಿಯ ಡಬ್ಬಿ ಕಣ್ಣಿಗೆ ಬಿತ್ತು. 'ಸ್ಪಿರುಲಿನಾ ಸಾರ್, ಕಬ್ಬಿಣದ ಗಣಿ. ಹಣ್ಣಿನ ಜತೆ ಅರೆದು ಕುಡಿದರೆ ಮಾತ್ರೆ ಯಾಕೆ?' ಅಂದ ಮಾರುವವ. 100 ಗ್ರಾಮಿಗೆ 350 ರೂಪಾಯಿ ಕೊಟ್ಟು ತಂದೆ. ಮಾತ್ರೆ ನಿಲ್ಲಿಸಿದ್ದು ನನ್ನ ಮಾತು ಕೇಳಿಯೇ.

ಎರಡು ತಿಂಗಳು ದಿನವೂ ಸ್ಮೂದಿ ಮಾಡಿ ಕುಡಿದೆವು. ಮತ್ತೆ ಪರೀಕ್ಷೆ ಮಾಡಿಸಿದರೆ 8.6! ಡಾಕ್ಟ್ರು ಆಕೆಯನ್ನು ಬಿಟ್ಟು ನನಗೇ ಬೈದರು. ಬೈಸಿಕೊಂಡು ಬಂದ ಮೇಲೆ ಕಾಗದ ಪೆನ್ನು ಹಿಡಿದು ಕುಳಿತೆ. ಮೊದಲೇ ಮಾಡಬೇಕಿದ್ದ ಲೆಕ್ಕ.

ಒಂದು ಮಾತ್ರೆಗೆ ಎಪ್ಪತ್ತು ಚಮಚ

ಒಣ ಸ್ಪಿರುಲಿನಾ 100 ಗ್ರಾಮಿನಲ್ಲಿ ಸುಮಾರು 28 ಮಿಲಿಗ್ರಾಂ ಕಬ್ಬಿಣ, 57 ಗ್ರಾಂ ಪ್ರೋಟೀನ್ ಇದೆ. ಓದಲು ದೊಡ್ಡ ಅಂಕಿ. ಆದರೆ ನಾವು ಹಾಕುವುದು ಒಂದು ಚಾ ಚಮಚ, ಅಂದರೆ ಸುಮಾರು 3 ಗ್ರಾಂ. ಅದರಲ್ಲಿ ಸಿಗುವ ಕಬ್ಬಿಣ ಒಂದು ಮಿಲಿಗ್ರಾಮಿಗೂ ಕಡಿಮೆ. ಆರೋಗ್ಯ ಕೇಂದ್ರದಲ್ಲಿ ಹೆಂಗಸರಿಗೆ ಕೊಡುವ ಕೆಂಪು ಮಾತ್ರೆ ಒಂದರಲ್ಲೇ 60 ಮಿಲಿಗ್ರಾಂ ಇದೆ. ಒಂದು ಮಾತ್ರೆಯ ಸಮ ಆಗಬೇಕಾದರೆ ಎಪ್ಪತ್ತು ಚಮಚ ಪುಡಿ ಬೇಕು. ಎರಡು ಡಬ್ಬಿ!

ಪ್ರೋಟೀನ್ ಲೆಕ್ಕವೂ ಹಾಗೆಯೇ. ಒಂದು ಚಮಚದಲ್ಲಿ ಒಂದೂಮುಕ್ಕಾಲು ಗ್ರಾಂ. ಒಂದು ಹಿಡಿ (30 ಗ್ರಾಂ) ನೆಲಗಡಲೆಯಲ್ಲಿ 7 ಗ್ರಾಮಿಗಿಂತ ಹೆಚ್ಚು. ಬಿ12 ಕತೆ ಇನ್ನೂ ಬೇರೆ. ಸ್ಪಿರುಲಿನಾದಲ್ಲಿ ಇರುವುದರ ಹೆಚ್ಚಿನ ಪಾಲು ಬಿ12 ಅನ್ನು ಹೋಲುವ ಇನ್ನೊಂದು ವಸ್ತು. ನಮ್ಮ ದೇಹಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ. ಸಸ್ಯಾಹಾರಿಗಳು ಇದನ್ನು ನಂಬಿ ಕೂರಬಾರದು.

ಹಾಗಾದರೆ ಇದೇನು?

ಕ್ಷಾರಗುಣದ ನೀರಿನಲ್ಲಿ ಬೆಳೆಯುವ ನೀಲಿ-ಹಸಿರು ಪಾಚಿ. ಆಫ್ರಿಕಾದ ಚಾಡ್ ಸರೋವರದ ಬದಿಯ ಜನ ಇದನ್ನು ಒಣಗಿಸಿ ಸಾರಿನಂತೆ ಮಾಡಿ ಸಿರಿಧಾನ್ಯದ ಜತೆ ಉಣ್ಣುತ್ತಾರೆ. ಮೆಕ್ಸಿಕೋದ ಅಜ್ಟೆಕ್ ಜನರೂ ಟೆಕ್ಸ್‌ಕೋಕೋ ಸರೋವರದಿಂದ ಎತ್ತಿ ತಿನ್ನುತ್ತಿದ್ದರು. ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ.ಯಲ್ಲೂ ಇದನ್ನು ಬೆಳೆಸುವ ಸಂಶೋಧನೆ ನಡೆದಿದೆ. ಒಟ್ಟಿನಲ್ಲಿ ಒಳ್ಳೆಯ ಆಹಾರವೇ. ನಾನು ಅದನ್ನು ಮದ್ದು ಮಾಡಹೊರಟದ್ದು ತಪ್ಪು.

ಸ್ಮೂದಿ ಅಂದರೆ ಹೆದರಬೇಕಿಲ್ಲ. ಹಣ್ಣನ್ನು ಸೋಸದೆ ನುಣ್ಣಗೆ ಅರೆದ ದಪ್ಪ ಪಾನೀಯ, ಅಷ್ಟೆ. ನಮ್ಮ ಬಾಳೆಹಣ್ಣಿನ ರಸಾಯನದ ಹತ್ತಿರದ ನೆಂಟ. ಕದಳಿ ಗೊನೆ ಒಮ್ಮೆಲೇ ಹಣ್ಣಾದಾಗ, ಅಂಗಡಿಯವ ಕೇಳಿದ ಕ್ರಯಕ್ಕೆ ಕೊಡಲು ಮನಸ್ಸಿಲ್ಲದಾಗ, ಇದೊಂದು ದಾರಿ.

ಮಾಡುವ ಕ್ರಮ

ನಾಲ್ಕು ಜನರಿಗೆ: ಚೆನ್ನಾಗಿ ಕಳಿತ ಕದಳಿ ಅಥವಾ ಮೈಸೂರು ಬಾಳೆಹಣ್ಣು 6, ದೊಡ್ಡ ಪೇರಳೆ ಹಣ್ಣು 2, ಒಂದು ಬೊಂಡದ ನೀರು, ಅರ್ಧ ನಿಂಬೆ, ಹುರಿದ ನೆಲಗಡಲೆ ಎರಡು ಹಿಡಿ, ಸ್ಪಿರುಲಿನಾ ಪುಡಿ 2 ಚಾ ಚಮಚ. ಮೊದಲ ಸಲವಾದರೆ ಎಲ್ಲರಿಗೂ ಸೇರಿ ಅರ್ಧ ಚಮಚ ಸಾಕು.

ನೆಲಗಡಲೆಯನ್ನು ಮೊದಲು ಒಣದಾಗಿ ಪುಡಿ ಮಾಡಿ ತೆಗೆದಿಡಿ. ಪೇರಳೆಯನ್ನು ಬೊಂಡದ ನೀರಿನ ಜತೆ ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ಸೋಸಿ. ಜಾಸ್ತಿ ತಿರುಗಿಸಿದರೆ ಬೀಜ ಪುಡಿಯಾಗಿ ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಈ ರಸಕ್ಕೆ ಬಾಳೆಹಣ್ಣು, ಕಡಲೆ ಪುಡಿ ಹಾಕಿ ಅರೆಯಿರಿ. ಸ್ಪಿರುಲಿನಾವನ್ನು ನೇರ ಸುರಿದರೆ ಜಾರಿನ ಗೋಡೆಗೆ ಅಂಟಿ ಗಂಟಾಗುತ್ತದೆ. ಒಂದು ಲೋಟದಲ್ಲಿ ಎರಡು ಚಮಚ ನೀರು ಹಾಕಿ ಕಲಸಿ, ಕೊನೆಗೆ ಸೇರಿಸಿ ಅರ್ಧ ನಿಮಿಷ ತಿರುಗಿಸಿ. ನಿಂಬೆ ಹಿಂಡಿ. ಬಾಳೆ ಸಿಹಿ ಇರುವುದರಿಂದ ಬೆಲ್ಲ ಬೇಡ. ಮಾಡಿದ ಕೂಡಲೇ ಕುಡಿಯಿರಿ, ಇಟ್ಟರೆ ಬಾಳೆ ಕಪ್ಪಾಗುತ್ತದೆ.

ಹಾಲು ಹಾಕುವುದಿಲ್ಲ ಯಾಕೆಂದರೆ ಅದರ ಸುಣ್ಣದಂಶ ಕಬ್ಬಿಣ ಹೀರುವುದಕ್ಕೆ ಅಡ್ಡಿ. ಪೇರಳೆ, ನಿಂಬೆಯ ಸಿ ಜೀವಸತ್ವ ಸಹಾಯ ಮಾಡುತ್ತದೆ. ಇದರ ಜತೆಗೇ ಚಾ, ಕಾಫಿ ಕುಡಿದರೆ ಆ ಲಾಭವೂ ಕಡಿಮೆ.

ಪೇರಳೆ ಇಲ್ಲದಾಗ ಅನಾನಸು ಆಗುತ್ತದೆ. ಆದರೆ ಹಸಿ ಅನಾನಸಿನ ಜತೆ ಹಾಲು, ಮೊಸರು ಸೇರಿಸಿಟ್ಟರೆ ಕಹಿಯಾಗುತ್ತದೆ. ಕೆಂಪು ಪಪ್ಪಾಯಿಗೆ ಹಾಕಿದರೆ ಬಣ್ಣ ಕೆಸರಿನಂತೆ. ರುಚಿಗೆ ಮೋಸವಿಲ್ಲ, ಆದರೆ ನಮ್ಮ ಮಕ್ಕಳು ಮುಟ್ಟಲಿಲ್ಲ. ಬಾಳೆ-ಪೇರಳೆಗೆ ಗಿಳಿಹಸಿರು ಬಣ್ಣ ಬರುತ್ತದೆ. ಪಾಚಿಯ ವಾಸನೆ ಮುಚ್ಚಲು ಒಂದು ಚೂರು ಶುಂಠಿ ಸಾಕು.

ಎಚ್ಚರಿಕೆ

ನಮ್ಮ ಕೆರೆಯ ಪಾಚಿ ತೆಗೆದು ಒಣಗಿಸುವ ಯೋಚನೆ ಬೇಡವೇ ಬೇಡ. ಕೆಲವು ನೀಲಿ-ಹಸಿರು ಪಾಚಿಗಳಲ್ಲಿ ಯಕೃತ್ತನ್ನು ಹಾಳು ಮಾಡುವ ವಿಷ ಇರುತ್ತದೆ. ಕಣ್ಣಲ್ಲಿ ನೋಡಿ ಗುರುತಿಸಲು ಆಗುವುದಿಲ್ಲ. ಡಬ್ಬಿಯ ಮೇಲೆ ಆಹಾರ ಪರವಾನಗಿ ಸಂಖ್ಯೆ, ತಯಾರಾದ ತಾರೀಕು ನೋಡಿಯೇ ಕೊಳ್ಳಿ. ಬಿಸಿಲು, ಬಿಸಿ, ತೇವ ಮೂರೂ ಆಗದು. ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ಟು ನಮ್ಮದೊಂದು ಡಬ್ಬಿ ಮುಗ್ಗಿತು. ಬಸುರಿಯರು, ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು, ಸಂಧಿವಾತದಂಥ ಕಾಯಿಲೆಗೆ ಔಷಧ ನಡೆಯುತ್ತಿರುವವರು ಡಾಕ್ಟ್ರ ಹತ್ತಿರ ಕೇಳದೆ ಮುಟ್ಟಬೇಡಿ.

ಮನೆಯಾಕೆ ಈಗ ರಾತ್ರಿ ಊಟವಾದ ಮೇಲೆ ಮಾತ್ರೆ ನುಂಗುತ್ತಾರೆ. ಹಾಗೆ ಮಾಡಿ ಎಂದದ್ದು ಡಾಕ್ಟ್ರೇ. ಹೊಟ್ಟೆ ತೊಳಸುವುದು ಬಹಳ ಕಡಿಮೆಯಾಯಿತು. ನಾಲ್ಕು ತಿಂಗಳಲ್ಲಿ ಹಿಮೋಗ್ಲೋಬಿನ್ 11.4 ಆಗಿದೆ. ಡಬ್ಬಿ ಖಾಲಿಯಾದರೆ ಮತ್ತೆ ತರಲೇಬೇಕು ಅಂತಿಲ್ಲ. ಪುಡಿ ಇಲ್ಲದ ದಿನವೂ ಬಾಳೆ, ಪೇರಳೆ, ನೆಲಗಡಲೆಯ ಸ್ಮೂದಿ ಸಂಜೆಗೆ ನಡೆಯುತ್ತದೆ. ಹಣ್ಣು ತೋಟದ್ದು, ಖರ್ಚು ಕಡಲೆಗೆ ಮಾತ್ರ.

ಪುನರ್ಪುಳಿ ಸೇರಿಸಿ ಮಾಡಿ ನೋಡಿದವರಿದ್ದರೆ ಹೇಗಾಯಿತೆಂದು ಪತ್ರಿಕೆಗೆ ಬರೆಯಿರಿ.