ಡರ್ಟ್ ಬೈಕಿನ ಕಿರು ಅವಯವಗಳು

ಮೋಟಾರು ಸೈಕಲ್ಲುಗಳಲ್ಲಿ ಡಾಮರು ರಸ್ತೆಯನ್ನು ನೆಚ್ಚಿಕೊಳ್ಳದ ಒಂದು ಪ್ರಭೇದವುಂಟು. ಎತ್ತರವಾದ ಮೈಕಟ್ಟು, ಗುಬಟುಗಳುಳ್ಳ ಟಯರು, ಕೆಸರು ಸಿಲುಕದಂತೆ ಚಕ್ರದಿಂದ ಬಹಳ ಮೇಲೆ ಕೂರಿಸಿದ ಮಡ್‌ಗಾರ್ಡು, ಇವುಗಳಿಂದ ಅದನ್ನು ದೂರದಿಂದಲೇ ಗುರುತಿಸಬಹುದು. ಡರ್ಟ್ ಬೈಕ್ ಎಂಬುದು ಅದರ ರೂಢಿಯ ಹೆಸರು. ಉಡುಪಿಯವರಾದ ಕೆ. ಪಿ. ಅರವಿಂದ್ ಅವರು 2019ರಲ್ಲಿ ಪೆರು ದೇಶದ ಮರಳುಗಾಡಿನಲ್ಲಿ ನಡೆದ ಡಾಕಾರ್ ರ‍್ಯಾಲಿಯನ್ನು 37ನೆಯ ಸ್ಥಾನದಲ್ಲಿ ಪೂರೈಸಿದಾಗ ಈ ಹೆಸರು ನಮ್ಮ ಜಿಲ್ಲೆಯ ಮನೆಮನೆಗಳಲ್ಲೂ ಕೇಳಿಬಂದಿತು. 2015ರಲ್ಲಿ ಬೆಂಗಳೂರಿನ ಸಿ. ಎಸ್. ಸಂತೋಷ್ ಆ ಸ್ಪರ್ಧೆಯನ್ನು ಮುಗಿಸಿದ ಮೊದಲ ಭಾರತೀಯರೆನಿಸಿದ್ದರು, ಅರವಿಂದ್ ಎರಡನೆಯವರು. ಅದಕ್ಕೆ ಮುಂಚಿನ ಎರಡು ವರ್ಷಗಳಲ್ಲಿಯೂ ಹೊರಟಿದ್ದರಾದರೂ ಕೊನೆಮುಟ್ಟಲು ಅವರಿಗೆ ಸಾಧ್ಯವಾಗಿರಲಿಲ್ಲ.

ಸ್ಪರ್ಧೆಯ ಬೈಕುಗಳು ಸಾರ್ವಜನಿಕ ರಸ್ತೆಗೆ ನೋಂದಣಿಯಾಗತಕ್ಕವಲ್ಲ. ಆದರೆ ರಸ್ತೆಗೂ ಕಾಡುಹಾದಿಗೂ ಒಗ್ಗುವ ಅವುಗಳ ಸೋದರ ವಾಹನಗಳು ಈಚಿನ ವರ್ಷಗಳಲ್ಲಿ ಮಣಿಪಾಲದ ವಿದ್ಯಾರ್ಥಿಗಳಲ್ಲಿಯೂ ಕಾರ್ಕಳದ ಕಡೆಯ ತೋಟಗಾರರಲ್ಲಿಯೂ ಕಾಣಸಿಗುತ್ತವೆ. ಇವುಗಳ ಬಗ್ಗೆ ಮಾತು ಬಂದಾಗ ಎಂಜಿನಿನ ಶಕ್ತಿಯೆಷ್ಟು, ಬೆಲೆಯೆಷ್ಟು ಎಂಬುದೇ ಚರ್ಚೆಯಾಗುತ್ತದೆ. ಅಲ್ಲಲ್ಲಿ ತೂಗುವ ರಬ್ಬರು ಕೊಳವೆ, ಕಾಸಿನಗಲದ ರಂಧ್ರ, ಪ್ಲಾಸ್ಟಿಕ್ ತುಂಡು ಇವನ್ನು ವಿಚಾರಿಸುವವರು ವಿರಳ. ವಾಹನವನ್ನು ಮುಂದಕ್ಕೆ ಒಯ್ಯುವುದು ಈ ಕಿರು ಅವಯವಗಳ ಕೆಲಸವಲ್ಲ. ಒಳಗೆ ಬಂದುದನ್ನು ಹೊರಬಿಡುವುದು, ಪೆಟ್ಟು ಬಿದ್ದಾಗ ತಾವು ಬಾಗುವುದು, ದೊಡ್ಡದು ಕೆಡುವ ಮೊದಲು ತಾವು ಸವೆಯುವುದು, ಇವೇ ಅವುಗಳ ಕಾರ್ಯ. ಕಣ್ಣಿಗೆ ನಿರುಪಯುಕ್ತವೆಂದು ತೋರುವುದರಿಂದಲೇ ಕೊಂಡವರು ಮೊದಲು ಕಿತ್ತೆಸೆಯುವುದೂ ಇವನ್ನೇ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ಆ ತಪ್ಪಿಗೆ ದಂಡ ತೆರಬೇಕಾದುದು ಬಹುಬೇಗ.

ಮೊದಲಿಗೆ ರಂಧ್ರಗಳ ವಿಚಾರ. ಗದ್ದೆಯ ಬದುವಿನಲ್ಲಿ ನೀರು ಹೋಗಲು ಕಂಡಿ ಇಡುವುದು ಏಕೆಂದು ನಮ್ಮ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಗಾಳಿಯ ಫಿಲ್ಟರಿನ ಪೆಟ್ಟಿಗೆಯ ತಳದಲ್ಲಿರುವ ರಂಧ್ರವೂ ಅಂಥದೇ ಕಂಡಿ. ನೀರು ಒಳಬರುತ್ತದೆಂಬ ಭಯದಿಂದ ಅದನ್ನು ಎಂಸೀಲ್ ಹಾಕಿ ಮುಚ್ಚಿದರೆ, ಮೇಲಿನಿಂದ ಸೇರಿದ ಮಳೆನೀರು ಹೊರದಾರಿ ಕಾಣದೆ ಎಂಜಿನಿನತ್ತಲೇ ಸಾಗುತ್ತದೆ.

ಇದಕ್ಕಿಂತಲೂ ಸ್ವಾರಸ್ಯವಾದುದು ನೀರಿನಿಂದ ತಂಪಾಗುವ ಎಂಜಿನುಗಳಲ್ಲಿ ಪಂಪಿನ ಅಡಿಯಲ್ಲಿರುವ ಸಣ್ಣ ತೂತು. ಪಂಪಿನ ದಂಡದ ಮೇಲೆ ಎರಡು ಸೀಲುಗಳಿರುತ್ತವೆ: ಒಂದು ನೀರನ್ನು ತಡೆಯಲು, ಇನ್ನೊಂದು ಎಣ್ಣೆಯನ್ನು ತಡೆಯಲು. ಇವೆರಡರ ನಡುವಿನ ಜಾಗದಿಂದ ಈ ತೂತು ಹೊರಕ್ಕೆ ತೆರೆದಿರುತ್ತದೆ. ಅಲ್ಲಿಂದ ನೀರು ತೊಟ್ಟಿಕ್ಕಿದರೆ ನೀರಿನ ಸೀಲು ಹೋಗಿದೆ ಎಂದರ್ಥ. ಎಣ್ಣೆ ಕಂಡರೆ ಎಣ್ಣೆಯ ಸೀಲು. ಯಂತ್ರವು ತನ್ನ ರೋಗವನ್ನು ತಾನೇ ಹೇಳಿಕೊಳ್ಳುವ ಬಾಯಿ ಇದು. ಸೋರಿಕೆಯೆಂದು ಭ್ರಮಿಸಿ ಅದನ್ನು ಮುಚ್ಚಿಬಿಟ್ಟರೆ ನೀರೂ ಎಣ್ಣೆಯೂ ಒಳಗೇ ಬೆರೆತು, ಕೆಲವು ನೂರು ರೂಪಾಯಿಯ ಸೀಲಿನಲ್ಲಿ ಮುಗಿಯಬೇಕಾದ ಕೆಲಸ ಎಂಜಿನು ಬಿಚ್ಚುವವರೆಗೆ ಹೋಗುತ್ತದೆ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳದಿಂದ ಹೊರಟ ಕೊಳವೆಯನ್ನು ಅಲಂಕಾರವೆಂದು ತಿಳಿದವರುಂಟು. ಪೆಟ್ರೋಲು ಕೆಳಗಿಳಿದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕಷ್ಟೆ. ಆ ಗಾಳಿಯ ದಾರಿ ಈ ಕೊಳವೆ. ಬೈಕು ಮಗುಚಿದಾಗ ಪೆಟ್ರೋಲು ಚೆಲ್ಲದಂತೆ ಅನೇಕ ಬೈಕುಗಳಲ್ಲಿ ಇದರೊಳಗೆ ಒಮ್ಮುಖದ ವಾಲ್ವೊಂದನ್ನು ಇಟ್ಟಿರುತ್ತಾರೆ. ಕೊಳವೆಯ ತುದಿಗೆ ಕೆಸರು ಮೆತ್ತಿಕೊಂಡರೆ ಚೆನ್ನಾಗಿ ಓಡುತ್ತಿದ್ದ ಎಂಜಿನು ಹಲವು ನಿಮಿಷಗಳ ಬಳಿಕ ನಿಂತುಹೋಗುತ್ತದೆ. ಮುಚ್ಚಳ ತೆರೆದಾಗ ‘ಹುಸ್’ ಎಂದು ಗಾಳಿ ಒಳನುಗ್ಗಿದ ಸದ್ದಾದರೆ ಕಾರಣ ಇದೇ ಎಂದು ನಿಶ್ಚಯಿಸಬಹುದು. ಕಾರ್ಬುರೇಟರಿನ ಗಾಳಿಕೊಳವೆಗಳದೂ ಇದೇ ನ್ಯಾಯ. ಅವೆಲ್ಲವೂ ಕೆಳಕ್ಕೇ ಇಳಿಬಿದ್ದಿದ್ದರೆ ಹೊಳೆ ದಾಟುವಾಗ ತುದಿಗಳು ಮುಳುಗಿ ಎಂಜಿನು ನಿಲ್ಲುತ್ತದೆ. ಆದುದರಿಂದಲೇ ಒಂದೆರಡು ಕವಲುಗಳನ್ನು ಮೇಲಕ್ಕೆ ಒಯ್ದಿರುತ್ತಾರೆ. ನೇತಾಡುತ್ತವೆಯೆಂದು ಇವನ್ನು ಕತ್ತರಿಸುವುದು ಸರ್ವಥಾ ಸಲ್ಲದು.

ಇನ್ನು ನೆಲದ ಗುಣ. ನಮ್ಮದು ಮುರಕಲ್ಲಿನ ನಾಡು. ಅದರ ಕೆಂಪು ಧೂಳು ನೀರಿನೊಡನೆ ಕಲೆತಾಗ ಸಾಣೆ ಹಿಡಿಯುವ ಲೇಪದಂತಾಗುತ್ತದೆ. ಹಿಂಚಕ್ರವನ್ನು ಹಿಡಿದ ತೋಳಿನ ಮೇಲೆ ಚೈನು ಉಜ್ಜದಂತೆ ಹಾಸಿರುವ ಪ್ಲಾಸ್ಟಿಕ್ ಪಟ್ಟಿ ಇರುವುದೇ ಸವೆಯುವುದಕ್ಕೆ. ಅದು ಸವೆದು ಮುಗಿದ ಮೇಲೂ ಬದಲಿಸದಿದ್ದರೆ ಚೈನು ಗರಗಸದಂತೆ ಲೋಹವನ್ನೇ ಕೊರೆಯತೊಡಗುತ್ತದೆ. ಕಾಪುವಿನ ಕಡಲಗಾಳಿಯ ಉಪ್ಪು ಬೇರೆ ಸೇರಿದರೆ ಕೇಳಬೇಕಾದುದಿಲ್ಲ. ಚೈನಿನ ಕೊಂಡಿಗೆ ಕ್ಲಿಪ್ ಇದ್ದಲ್ಲಿ ಅದರ ಮುಚ್ಚಿದ ತುದಿ ಚೈನು ಚಲಿಸುವ ದಿಕ್ಕಿಗೇ ಇರಬೇಕು. ತಿರುವುಮುರುವಾದರೆ ಕಲ್ಲು ಕಡ್ಡಿ ತಾಗಿ ಅದು ಕಳಚಿಕೊಳ್ಳಬಹುದು.

ಸ್ಪರ್ಧಿಗಳು ಕೆಸರಿನಲ್ಲಿ ಹಿಡಿತ ಸಿಗಲೆಂದು ಟಯರಿನ ಗಾಳಿಯನ್ನು ಬಹಳ ಇಳಿಸುತ್ತಾರೆ; ರಸ್ತೆಯ ಬೈಕಿನ ಅರ್ಧದಷ್ಟೂ ಇರುವುದಿಲ್ಲ. ಆಗ ಚಕ್ರ ತಿರುಗಿದರೂ ಟಯರು ಜಾರಿ ಹಿಂದುಳಿಯುತ್ತದೆ; ಟ್ಯೂಬು ಅದರೊಡನೆ ಎಳೆದುಕೊಂಡು ವಾಲ್ವಿನ ಬುಡ ಹರಿಯುತ್ತದೆ. ಇದನ್ನು ತಡೆಯುವುದು ಟಯರಿನ ಅಂಚನ್ನು ರಿಮ್ಮಿಗೆ ಒತ್ತಿ ಹಿಡಿಯುವ ರಿಮ್ ಲಾಕ್. ಹೊರಗೆ ಕಾಣುವುದು ಒಂದು ನಟ್ಟು ಮಾತ್ರ. ವಾಲ್ವಿನ ನಟ್ಟನ್ನು ಬಲ್ಲ ಮೆಕ್ಯಾನಿಕ್ಕುಗಳು ರಿಮ್ಮಿಗೆ ಬಿಗಿಯದೆ ಮೇಲೆ ಕ್ಯಾಪಿನ ಬಳಿ ಬಿಡುತ್ತಾರೆ. ಅದು ಅಲಕ್ಷ್ಯವಲ್ಲ. ಟ್ಯೂಬು ಸರಿದರೆ ವಾಲ್ವು ಓರೆಯಾಗಿ ನಿಂತು, ಹರಿಯುವ ಮೊದಲೇ ಎಚ್ಚರಿಸಲೆಂದು ಹಾಗೆ ಮಾಡುವುದು.

ಇಲ್ಲಿಯವರೆಗೆ ಹೇಳಿದುದು ವಾಹನದ ಹಾನಿ. ದೇಹದ ಹಾನಿಯನ್ನು ತಡೆಯುವ ಅವಯವಗಳೂ ಇವೆ. ಪೋಷಕರೂ ಉಪಾಧ್ಯಾಯರೂ ಗಮನಿಸಬೇಕಾದವು ಇವೇ ಎಂದು ನನ್ನ ಭಾವನೆ. ಕ್ಲಚ್ಚು ಮತ್ತು ಬ್ರೇಕಿನ ಹಿಡಿಗಳ ತುದಿಯಲ್ಲಿರುವ ಗುಂಡು, ಬಿದ್ದಾಗ ಹಿಡಿಯು ಮೈಗೆ ಈಟಿಯಂತೆ ಚುಚ್ಚದಿರಲೆಂದು. ತುದಿ ಮುರಿದ ಹಿಡಿಯಲ್ಲಿಯೇ ತಿಂಗಳುಗಟ್ಟಲೆ ಓಡಿಸುವವರಿದ್ದಾರೆ. ಹಿಂಚಕ್ರದ ಪಕ್ಕದ ಸೀರೆ ಗಾರ್ಡು ಸಾಹಸದ ನೋಟಕ್ಕೆ ಒಪ್ಪುವುದಿಲ್ಲವೆಂದು ಯುವಕರು ಬಿಚ್ಚಿಡುವುದುಂಟು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮವು, ಹಿಂದೆ ಕುಳಿತವರ ಬಟ್ಟೆ ಸಿಲುಕದಂತೆ ಹಿಂಚಕ್ರದ ಕನಿಷ್ಠ ಅರ್ಧಭಾಗವನ್ನು ಮರೆಮಾಡುವ ರಕ್ಷಣೆ ಇರಲೇಬೇಕೆಂದು ವಿಧಿಸುತ್ತದೆ. ಹಾಗೆ ಬಿಚ್ಚಿದ ಬೈಕಿನಲ್ಲಿ ತಾಯಿಯನ್ನೋ ತಂಗಿಯನ್ನೋ ಕೂರಿಸಿಕೊಂಡು ಹೋಗುವ ಧೈರ್ಯಕ್ಕೆ ಏನೆನ್ನಬೇಕೋ ತಿಳಿಯದು.

ಕೊನೆಯದು ಹ್ಯಾಂಡಲಿನ ಎರಡು ತುದಿಗಳ ಬಿರಡೆ. ಹ್ಯಾಂಡಲೆಂಬುದು ಟೊಳ್ಳಾದ ಲೋಹದ ಕೊಳವೆ. ಬಿರಡೆ ಇಲ್ಲದ ತೆರೆದ ಬಾಯಿಯ ಅಂಚು ಉಳಿಯಂತಿರುತ್ತದೆ. ಬೀಳುವಾಗ ಹ್ಯಾಂಡಲು ತಿರುಗಿ, ತುದಿ ನೇರವಾಗಿ ಹೊಟ್ಟೆಗೆ ನಾಟುತ್ತದೆ. ಹೊರಗೆ ಸಣ್ಣ ಕೆಂಪು ಗುರುತಷ್ಟೇ ಕಂಡರೂ ಒಳಗೆ ಯಕೃತ್ತು, ಗುಲ್ಮ, ಮೇದೋಜೀರಕ ಗ್ರಂಥಿಗಳಿಗೆ ಪೆಟ್ಟಾಗಿರಬಹುದೆಂದು ಶಸ್ತ್ರವೈದ್ಯರು ಬಲ್ಲರು. ಇಂಥ ಗಾಯವು ಬೈಕಿಗಿಂತ ಹೆಚ್ಚಾಗಿ ಮಕ್ಕಳ ಸೈಕಲ್ಲಿನಿಂದಲೇ ಆಗುವುದುಂಟು. ಹ್ಯಾಂಡಲು ತಾಗಿ ಬಿದ್ದ ಮಗು ಹೊಟ್ಟೆನೋವೆಂದರೆ ಅಥವಾ ವಾಂತಿ ಮಾಡಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಶಾಲೆಯ ಸೈಕಲ್ ಸ್ಟ್ಯಾಂಡಿನಲ್ಲಿ ಒಮ್ಮೆ ಸುತ್ತಿ ನೋಡಿದರೆ ರಬ್ಬರು ಹಿಡಿಕೆಯ ತುದಿ ಹರಿದು ಕಬ್ಬಿಣದ ಕೊಳವೆ ಹೊರಗೆ ಇಣುಕುವ ಸೈಕಲ್ಲುಗಳು ಖಂಡಿತ ಸಿಗುತ್ತವೆ. ಹೊಸ ಹಿಡಿಕೆ ಯಾವ ಸೈಕಲ್ ಅಂಗಡಿಯಲ್ಲಾದರೂ ಅಲ್ಪ ಬೆಲೆಗೆ ದೊರೆಯುತ್ತದೆ; ಹಾಕಲು ಐದು ನಿಮಿಷ ಸಾಕು.