ದಿಂಬಂ ತಿರುವಿನಲ್ಲಿ ವಾಂತಿಯೇಕೆ?

ಚಾಮರಾಜನಗರದಿಂದ ಪುಣಜನೂರು, ಹಾಸನೂರು ಹಾದು ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ನಮ್ಮ ಉಡಿಗಾಲದ ಕಡೆ ಕೆಲವು ಮಕ್ಕಳು ಬಸ್ಸಿನಲ್ಲಿ ವಾಂತಿಯಾದೀತೆಂಬ ನಾಚಿಕೆಗೇ ಶಾಲಾ ಪ್ರವಾಸಕ್ಕೆ ಹೆಸರು ಕೊಡುವುದಿಲ್ಲ. 'ಹೊಟ್ಟೆ ಸರಿಯಿಲ್ಲ' ಎಂದು ಮನೆಯವರು ಉಪವಾಸ ಕೆಡವುತ್ತಾರೆ. ಪಾಪ, ತಪ್ಪು ಹೊಟ್ಟೆಯದಲ್ಲ.

ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ಬಸ್ಸು ತಿರುಗಿದಾಗ ಅವು 'ತಿರುಗುತ್ತಿದ್ದೇವೆ' ಎಂದು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಪುಸ್ತಕದ ಮೇಲೋ ಮೊಬೈಲಿನ ಮೇಲೋ ನೆಟ್ಟ ಕಣ್ಣು 'ಎಲ್ಲವೂ ನಿಂತಿದೆ' ಎನ್ನುತ್ತದೆ. ಈ ಎರಡು ಸಾಕ್ಷಿಗಳ ತಾಳ ತಪ್ಪಿದಾಗಲೇ ಓಕರಿಕೆ. ಹಡಗಿನಲ್ಲೂ ಇದೇ ಕತೆ. 1831ರಲ್ಲಿ ಬೀಗಲ್ ಹಡಗು ಹತ್ತಿದ ಚಾರ್ಲ್ಸ್ ಡಾರ್ವಿನ್ ಸುಮಾರು ಐದು ವರ್ಷದ ಯಾನದಲ್ಲಿ ಮತ್ತೆ ಮತ್ತೆ ಇದರಿಂದ ನರಳಿದ. ಬಸ್ ಡ್ರೈವರಿಗೆ ಮಾತ್ರ ಹೀಗಾಗುವುದು ಅಪರೂಪ. ಮುಂದಿನ ತಿರುವು ಅವರಿಗೆ ಮೊದಲೇ ಗೊತ್ತು.

ಆದ್ದರಿಂದ ಮಗುವನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ದೂರದ ಬೆಟ್ಟ ನೋಡಲು ಹೇಳಿ. (ಹಿಂದಿನ ಸೀಟಿಗೆ ಜಗಳವಾಡುವ ಹುಡುಗರಿಗೆ ಇದು ಹಿಡಿಸದು!) ಹಡಗಾದರೆ ನಡುಭಾಗದಲ್ಲಿದ್ದು ದಿಗಂತ ನೋಡಬೇಕು. ಹೊರಡುವ ಮುನ್ನ ಎರಡು ಇಡ್ಲಿ ಸಾಕು. ಪೂರಿ ಬೇಡ, ಬರಿಹೊಟ್ಟೆಯೂ ಬೇಡ. ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಕೊಡಿ, ಅದೂ ಹೊರಡುವ ಮೊದಲೇ. ಓಕರಿಕೆ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಕಷ್ಟ.