ಡೀಸೆಲ್ ಮೋಟಾರಿನ ಹಲ್ಲುಪಟ್ಟಿ

ಮೋಟಾರು ಇಟ್ಟಿರುವ ಮಹನೀಯರು ಟೈರು, ಬ್ರೇಕು, ಬ್ಯಾಟರಿಗಳ ಯೋಗಕ್ಷೇಮವನ್ನು ಬಲ್ಲರು. ಎಂಜಿನ್ನಿನ ಪಕ್ಕದಲ್ಲಿ ಮುಚ್ಚಳದ ಮರೆಯಲ್ಲಿ ದುಡಿಯುವ ರಬ್ಬರಿನ ಹಲ್ಲುಪಟ್ಟಿಯ ಹೆಸರನ್ನು ಮಾತ್ರ ಅದು ಹರಿದ ದಿನವೇ ಕೇಳುವುದುಂಟು. ಯಂತ್ರಶಿಲ್ಪಿಗಳು ಇದನ್ನು ಟೈಮಿಂಗ್ ಬೆಲ್ಟ್ ಎನ್ನುತ್ತಾರೆ.

ತಾಳ ಹಾಕುವುದೇ ಇದರ ಕೆಲಸ. ಕ್ರ್ಯಾಂಕುದಂಡವು ಎರಡು ಸುತ್ತು ತಿರುಗುವಷ್ಟರಲ್ಲಿ, ಕವಾಟಗಳನ್ನು ತೆರೆಯುವ ಕ್ಯಾಮುದಂಡವು ಸರಿಯಾಗಿ ಒಂದು ಸುತ್ತು ತಿರುಗಬೇಕು. ಎಂಜಿನ್ನಿನ ವೇಗ ನಿಮಿಷಕ್ಕೆ 2000 ಸುತ್ತಾದರೆ ಒಂದೊಂದು ಕವಾಟವೂ 1000 ಸಲ ತೆರೆದು ಮುಚ್ಚುತ್ತದೆ. ಹಿಂದೆ ಹಲ್ಲುಚಕ್ರಗಳೂ ಸರಪಣಿಗಳೂ ಮಾಡುತ್ತಿದ್ದ ಈ ಕೆಲಸಕ್ಕೆ, 1962ರಲ್ಲಿ ಜರ್ಮನಿಯ ಗ್ಲಾಸ್ ಕಂಪೆನಿಯ 1004 ಎಂಬ ಪೆಟ್ರೋಲ್ ಕಾರಿನ ಮೂಲಕ ರಬ್ಬರುಪಟ್ಟಿಯು ಪೇಟೆಗೆ ಬಂದಿತು. 1976ರ ಫೋಕ್ಸ್‌ವ್ಯಾಗನ್ ಗಾಲ್ಫ್ ಡೀಸೆಲ್‌ನಲ್ಲಿ ಇಂಧನ ಚಿಮ್ಮಿಸುವ ಪಂಪಿನ ಹೊಣೆಯೂ ಪಟ್ಟಿಯ ಮೇಲೆಯೇ ಬಿದ್ದಿತು.

ಡೀಸೆಲ್ಲಿನಲ್ಲಿ ಪಟ್ಟಿ ಹರಿಯುವುದು ಏಕೆ ಇಷ್ಟು ಘೋರ? ಅಲ್ಲಿ ಕಿಡಿಯಿಲ್ಲ, ಗಾಳಿಯನ್ನು ಸುಮಾರು ಇಪ್ಪತ್ತರಲ್ಲೊಂದು ಪಾಲಿಗೆ ಒತ್ತಿ, ಆ ಕಾವಿನಿಂದಲೇ ಎಣ್ಣೆಯನ್ನು ಉರಿಸಬೇಕು. ಆದುದರಿಂದ ಪಿಸ್ಟನ್ನು ಮೇಲಕ್ಕೆ ಬಂದಾಗ ಉಳಿಯುವ ಅವಕಾಶ ಅತ್ಯಲ್ಪ. ಪಟ್ಟಿ ಹರಿದು ಕವಾಟವು ತೆರೆದೇ ನಿಂತಿತೆಂದರೆ ಪಿಸ್ಟನ್ನು ಅದನ್ನು ಗುದ್ದಿ ಬಗ್ಗಿಸುತ್ತದೆ. ಕ್ಷಣಾರ್ಧದ ಮಾತು, ದುರಸ್ತಿಯ ಖರ್ಚು ಕೆಲವೊಮ್ಮೆ ಹಳೆಯ ಗಾಡಿಯ ಬೆಲೆಯನ್ನೇ ಮೀರೀತು.

ಆದರೆ ಅಕಾಲದಲ್ಲಿ ಹರಿದ ಪಟ್ಟಿಯನ್ನೇ ದೂರುವುದು ಅನೇಕ ವೇಳೆ ಅನ್ಯಾಯ. ಗಾಜಿನ ಎಳೆಗಳನ್ನು ಹುದುಗಿಸಿ ಮಾಡಿದ ಪಟ್ಟಿಯದು ಗಟ್ಟಿ ಜೀವವೇ ಸರಿ. ಅದನ್ನು ಕೊಲ್ಲುವವರು ನೆರೆಹೊರೆಯವರು: ಸೋರುವ ಎಣ್ಣೆ, ಸವೆದ ಬಿಗಿಗಾಲಿ, ಎಲ್ಲಕ್ಕೂ ಮಿಗಿಲಾಗಿ ನೀರಿನ ಪಂಪು. ಅನೇಕ ಎಂಜಿನ್ನುಗಳಲ್ಲಿ ಈ ಪಂಪನ್ನು ತಿರುಗಿಸುವುದೂ ಅದೇ ಪಟ್ಟಿ. ರೇಡಿಯೇಟರಿಗೆ ತಕ್ಕ ಶೀತಕದ್ರವಕ್ಕೆ ಬದಲಾಗಿ ಬರಿಯ ನಲ್ಲಿಯ ನೀರನ್ನು ಹೊಯ್ಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಅದರಿಂದ ತುಕ್ಕೂ ಸುಣ್ಣದ ಗಸಿಯೂ ಕಟ್ಟಿ ಪಂಪಿನ ಮುದ್ರೆ ಸವೆಯುತ್ತದೆ. ನೀರು ಬೇರಿಂಗಿಗೆ ಇಳಿದು ಗ್ರೀಸನ್ನು ತೊಳೆಯುತ್ತದೆ. ದಂಡವು ಓಲಾಡಿ ಪಟ್ಟಿಯ ಅಂಚನ್ನು ಕೆರೆಯುತ್ತದೆ. ಪಂಪು ಕಚ್ಚಿಕೊಂಡು ನಿಂತರಂತೂ ಪಟ್ಟಿಯ ಹಲ್ಲುಗಳೇ ಉದುರುತ್ತವೆ. ಕೆಲವು ಪಂಪುಗಳ ಪ್ಲಾಸ್ಟಿಕ್ ರೆಕ್ಕೆಚಕ್ರವು ಬಿರಿದು ದಂಡದ ಮೇಲೆ ಜಾರುವುದೂ ಉಂಟು. ಆಗ ಒಂದು ತೊಟ್ಟೂ ಸೋರದೆ ಎಂಜಿನ್ನು ಕಾಯುತ್ತದೆ.

ಪಂಪಿನ ಬಳಿ ಬಣ್ಣದ ಕಲೆ, ಗರಗರ ಶಬ್ದ, ಇಳಿಯುವ ನೀರಿನ ಮಟ್ಟ, ಇವು ಮುನ್ಸೂಚನೆಗಳು. ಪಟ್ಟಿ ಮಾತ್ರ ಪ್ರಾಯಶಃ ಹೇಳದೆಯೇ ಹೋಗುತ್ತದೆ. ತಯಾರಕರು ವಿಧಿಸುವ ಗಡುವಿನಲ್ಲಿ ಕಿಲೋಮೀಟರಿನ ಜೊತೆಗೆ ವರ್ಷಗಳ ಲೆಕ್ಕವೂ ಸಾಮಾನ್ಯವಾಗಿ ಇರುತ್ತದೆ. ಶೆಡ್ಡಿನಲ್ಲಿ ನಿಂತ ಗಾಡಿಯ ರಬ್ಬರಿಗೂ ಮುಪ್ಪುಂಟಷ್ಟೆ. ಪಟ್ಟಿ ಬದಲಿಸುವಾಗ ಪಂಪು, ಬಿಗಿಗಾಲಿಗಳನ್ನೂ ಬದಲಿಸತಕ್ಕದ್ದು. ಬಿಚ್ಚಿ ಜೋಡಿಸುವ ಕೂಲಿಯೇ ಹೆಚ್ಚಿನದಾದ್ದರಿಂದ ಹಳೆಯ ಪಂಪನ್ನು ಉಳಿಸುವುದು ಉಳಿತಾಯವೆಂದು ನನಗೆ ತೋರುವುದಿಲ್ಲ. ಹಳೆಯ ಗಾಡಿಯನ್ನು ಕೊಳ್ಳುವವರು, ರಸೀದಿಯಿಲ್ಲದಿದ್ದರೆ ಪಟ್ಟಿ ಬದಲಾಗಿಲ್ಲವೆಂದೇ ಎಣಿಸಲಿ. ಓಡುತ್ತಿದ್ದ ಎಂಜಿನ್ನು ದಾರಿಯಲ್ಲಿ ಥಟ್ಟನೆ ನಿಂತರೆ ಸ್ಟಾರ್ಟರನ್ನು ಮತ್ತೆ ಮತ್ತೆ ಒತ್ತಬಾರದು; ಬಗ್ಗದೆ ಉಳಿದ ಕವಾಟಗಳೂ ಬಗ್ಗಿಯಾವು.